ರೈಫಲ್‌ನ ನಿಖರತೆ: ಸ್ಕ್ರೂ ತಿರುಗಿಸುವ ಮೊದಲು ಅಳತೆ

ರೈಫಲ್ ಸರಿಯಾಗಿ ಹೊಡೆಯುತ್ತಿಲ್ಲ ಎಂಬ ಅನುಮಾನ ಬಂದ ಕೂಡಲೇ ಬಹುತೇಕ ಶೂಟರ್‌ಗಳ ಕೈ ಉಪಕರಣಗಳ ಪೆಟ್ಟಿಗೆಯತ್ತ ಹೋಗುತ್ತದೆ. ಟ್ರಿಗರ್ ಹಗುರಗೊಳಿಸುತ್ತಾರೆ, ಸ್ಟಾಕ್‌ನ (ಭುಜಕ್ಕೆ ಆನಿಸಿ ಹಿಡಿಯುವ ಭಾಗದ) ಸ್ಕ್ರೂಗಳನ್ನು ಬಿಗಿಯುತ್ತಾರೆ, ಗುಂಡಿನ ಕಂಪನಿ ಬದಲಿಸುತ್ತಾರೆ, ಸ್ಕೋಪ್ ಬಿಚ್ಚಿ ಮತ್ತೆ ಕೂರಿಸುತ್ತಾರೆ; ಇಷ್ಟನ್ನೂ ಒಟ್ಟಿಗೇ ಮಾಡಿ ಮುಗಿಸಿ, ಮೂರು ಗುಂಡು ಹೊಡೆದು, ಮೂರೂ ಹತ್ತಿರ ಹತ್ತಿರ ಬಿದ್ದರೆ ಕೆಲಸ ಆಯಿತೆಂದು ನಂಬುತ್ತಾರೆ. ಆದರೆ ಯಾವ ಬದಲಾವಣೆಯಿಂದ ಸುಧಾರಣೆ ಆಯಿತು, ಸುಧಾರಣೆ ನಿಜವಾಗಿಯೂ ಆಗಿದೆಯೇ ಎಂಬ ಪ್ರಶ್ನೆಗಳಿಗೆ ಆ ಮೂರು ತೂತುಗಳಲ್ಲಿ ಉತ್ತರವಿರುವುದಿಲ್ಲ. ನನ್ನ ಮಟ್ಟಿಗೆ ರೈಫಲ್ ಹದಗೊಳಿಸುವುದೆಂದರೆ ಒಂದು ಹೊಡೆತಕ್ಕೂ ಮುಂದಿನ ಹೊಡೆತಕ್ಕೂ ನಡುವೆ ಏನೇನು ಬದಲಾಗುತ್ತಿದೆ ಎಂಬುದನ್ನು ಒಂದೊಂದಾಗಿ ಪತ್ತೆಹಚ್ಚಿ ಅದನ್ನು ನಿಲ್ಲಿಸುವ ಕೆಲಸ. ಆ ಕೆಲಸ ಅಳತೆಯಿಂದ ಶುರುವಾಗಬೇಕು, ಪ್ರತಿ ಹಂತದಲ್ಲೂ ಅಳತೆಗೇ ಮರಳಬೇಕು.

ಎಷ್ಟು ಸಣ್ಣ ಅಂತರಗಳ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ಮೊದಲು ಸ್ಪಷ್ಟವಾಗಿರಲಿ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತರ ವೃತ್ತ ಕೇವಲ 0.5 ಮಿಲಿಮೀಟರ್ ವ್ಯಾಸದ ಚುಕ್ಕೆ. ಪೆಲೆಟ್ಟಿನ, ಅಂದರೆ ಏರ್ ರೈಫಲ್ಲಿನ ಸಣ್ಣ ಗುಂಡಿನ, ವ್ಯಾಸ 4.5 ಮಿಲಿಮೀಟರ್. ಪೆಲೆಟ್ಟಿನ ಅಂಚು ಆ ಚುಕ್ಕೆಯನ್ನು ಸೋಕಿದರೂ ಹತ್ತು ಅಂಕ ಸಿಗುವುದರಿಂದ, ಪೆಲೆಟ್ಟಿನ ಕೇಂದ್ರವು ಗುರಿಯ ಕೇಂದ್ರದಿಂದ 2.5 ಮಿಲಿಮೀಟರ್ ಒಳಗೆ ಬೀಳಬೇಕು. ದಶಮಾಂಶ ಅಂಕಗಳಲ್ಲಿ ಪ್ರತಿ 0.25 ಮಿಲಿಮೀಟರಿಗೆ 0.1 ಅಂಕದ ಒಂದು ಮೆಟ್ಟಿಲು ಇಳಿಯುತ್ತದೆ, ಅಂದರೆ ಗರಿಷ್ಠ ಅಂಕವಾದ 10.9 ಬೇಕಾದರೆ ಕಾಲು ಮಿಲಿಮೀಟರ್‌ನೊಳಗೆ ಇರಬೇಕು. 50 ಮೀಟರ್ .22 (0.22 ಇಂಚು ವ್ಯಾಸದ ಗುಂಡಿನ) ರೈಫಲ್ ಸ್ಪರ್ಧೆಯಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿಲಿಮೀಟರ್, ಗುಂಡಿನದು 5.6, ಅಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ಸಿಗುವ ಅವಕಾಶ 8 ಮಿಲಿಮೀಟರ್. ಕಣ್ಣಿನಿಂದ ಮುಂದಿನ ಸೈಟಿಗೆ (ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಭಾಗಕ್ಕೆ) 80 ಸೆಂಟಿಮೀಟರ್ ದೂರವಿದೆ ಎಂದುಕೊಂಡರೆ, 10 ಮೀಟರಿನಲ್ಲಿ 2.5 ಮಿಲಿಮೀಟರ್ ತಪ್ಪಲು ಮುಂದಿನ ಸೈಟು 0.2 ಮಿಲಿಮೀಟರ್ ಸರಿದರೆ ಸಾಕು. ಅದು ಎರಡು ಹಾಳೆಗಳ ದಪ್ಪ. ಸ್ಕ್ರೂ ಒಂದು ಸ್ವಲ್ಪ ಸಡಿಲವಾದರೆ ಏನಾಗುತ್ತದೆ ಎಂದು ಕೇಳುವವರಿಗೆ ಈ ಲೆಕ್ಕವೇ ಉತ್ತರ.

ಹಾಗಾಗಿ ಮೊದಲ ಕೆಲಸ, ರೈಫಲ್ ಈಗ ಇರುವ ಸ್ಥಿತಿಯಲ್ಲೇ ಹೇಗೆ ಹೊಡೆಯುತ್ತದೆ ಎಂದು ದಾಖಲಿಸಿಕೊಳ್ಳುವುದು. ಇದಕ್ಕೆ ಭುಜದ ಮೇಲಿನ ಹೊಡೆತ ಸಾಲದು. ಮುಂದೆ ಮತ್ತು ಹಿಂದೆ ಮರಳುಚೀಲದ ಆಸರೆ ಕೊಟ್ಟು, ಗಟ್ಟಿಯಾದ ಮೇಜಿನ ಮೇಲೆ, ಗಾಳಿ ಇಲ್ಲದ ವೇಳೆಯಲ್ಲಿ ಹೊಡೆಯಬೇಕು. ಗಾಳಿಯ ವಿಷಯವನ್ನು ಲಘುವಾಗಿ ಪರಿಗಣಿಸಬಾರದು. ಸಾಮಾನ್ಯ ವೇಗದ .22 ಗುಂಡನ್ನು 50 ಮೀಟರಿನಲ್ಲಿ ಸೆಕೆಂಡಿಗೆ ಒಂದೇ ಮೀಟರ್ ವೇಗದ ಅಡ್ಡಗಾಳಿ ಸುಮಾರು 6 ಮಿಲಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಕೆನ್ನೆಗೆ ತಾಗಿದರೂ ಗೊತ್ತಾಗದಷ್ಟು ಮೆಲ್ಲನೆಯ ಗಾಳಿ ಅದು. ಅಂಥ ದಿನ ಮಾಡಿದ ಪರೀಕ್ಷೆಯಲ್ಲಿ ನಾವು ಅಳೆಯುವುದು ರೈಫಲ್ಲನ್ನೋ ಹವೆಯನ್ನೋ ಹೇಳುವುದು ಕಷ್ಟ.

ಎಷ್ಟು ಗುಂಡು ಹೊಡೆಯಬೇಕು ಎಂಬಲ್ಲಿ ಅತಿ ಹೆಚ್ಚು ಜನ ಎಡವುತ್ತಾರೆ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಒಂದೇ ಗುರಿಗೆ ಹೊಡೆದ ಗುಂಡುಗಳ ತೂತುಗಳನ್ನು ಗುಂಪು ಎನ್ನುತ್ತೇವೆ. ಒಂದು ಗುಂಪಿನ ಅಗಲವೆಂದು ನಾವು ಅಳೆಯುವುದು ಅತಿ ದೂರದ ಎರಡು ತೂತುಗಳ ನಡುವಿನ ಅಂತರವನ್ನು. ಗುಂಡುಗಳ ಸಂಖ್ಯೆ ಹೆಚ್ಚಿದಂತೆ ಆ ಅಂತರ ಬೆಳೆಯುತ್ತಲೇ ಹೋಗುತ್ತದೆ, ಏಕೆಂದರೆ ಹೊಸ ಗುಂಡು ಗುಂಪನ್ನು ಹಿಗ್ಗಿಸಬಲ್ಲದು, ಎಂದಿಗೂ ಕುಗ್ಗಿಸಲಾರದು. ಗುಂಡುಗಳು ಅಡ್ಡ ಮತ್ತು ಉದ್ದ ಎರಡೂ ದಿಕ್ಕಿನಲ್ಲಿ 10 ಮಿಲಿಮೀಟರ್ ಪ್ರಮಾಣ ವಿಚಲನೆಯಲ್ಲಿ (ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ) ಚದುರುವ ಒಂದು ರೈಫಲ್ಲನ್ನು ಊಹಿಸಿಕೊಳ್ಳಿ. ಸಂಖ್ಯಾಶಾಸ್ತ್ರದ ಲೆಕ್ಕದಂತೆ ಅದರ ಮೂರು ಗುಂಡುಗಳ ಗುಂಪು ಸರಾಸರಿ 24 ಮಿಲಿಮೀಟರ್, ಐದು ಗುಂಡುಗಳದು 31, ಹತ್ತು ಗುಂಡುಗಳದು 38 ಮಿಲಿಮೀಟರ್ ಬರುತ್ತದೆ. ರೈಫಲ್ ಅದೇ, ಗುಂಡು ಅದೇ, ಹೊಡೆಯುವವರೂ ಅವರೇ. ಒಬ್ಬರು ಮೂರು ಗುಂಡುಗಳ ಗುಂಪನ್ನು ತೋರಿಸಿ, ಇನ್ನೊಬ್ಬರು ಹತ್ತರ ಗುಂಪನ್ನು ತೋರಿಸಿ ಹೋಲಿಸಿಕೊಂಡರೆ ಆ ಹೋಲಿಕೆಗೆ ಅರ್ಥವಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅದೇ ರೈಫಲ್ ಸರಾಸರಿ 24 ಮಿಲಿಮೀಟರಿನ ಮೂರು-ಗುಂಡು ಗುಂಪುಗಳನ್ನು ಕೊಡುತ್ತದೆ ಎಂದರೂ ಬಿಡಿ ಗುಂಪುಗಳು ಸುಮಾರು 15 ರಿಂದ 33 ಮಿಲಿಮೀಟರಿನ ನಡುವೆ ಓಡಾಡುತ್ತವೆ, ಮೂರರಲ್ಲೊಂದು ಗುಂಪು ಆ ಮಿತಿಯ ಹೊರಗೂ ಬೀಳುತ್ತದೆ. ಬೆಳಿಗ್ಗೆ 33 ಬಂದಿತು, ಮಧ್ಯಾಹ್ನ ಒಂದು ಸ್ಕ್ರೂ ಬಿಗಿದೆ, ಸಂಜೆ 15 ಬಂದಿತು ಎಂದರೆ ಆ ಸ್ಕ್ರೂ ಅದ್ಭುತ ಮಾಡಿತೆಂದು ಯಾರಾದರೂ ನಂಬುತ್ತಾರೆ. ವಾಸ್ತವದಲ್ಲಿ ಏನೂ ಬದಲಾಗದೆಯೂ ಹಾಗೆ ಆಗಬಹುದಿತ್ತು. ರೈಫಲ್ ಹದಗೊಳಿಸುವ ವಿಷಯದಲ್ಲಿ ಬಾಯಿಂದ ಬಾಯಿಗೆ ಹರಿದಾಡುವ ಎಷ್ಟೋ ಉಪಾಯಗಳು ಹುಟ್ಟಿರುವುದು ಇಂಥ ಆಕಸ್ಮಿಕ ಗುಂಪುಗಳಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪರಿಹಾರ ಸರಳವಾಗಿದೆ, ಆದರೆ ಗುಂಡು ಮತ್ತು ತಾಳ್ಮೆ ಎರಡನ್ನೂ ಬೇಡುತ್ತದೆ. ಹತ್ತು ಗುಂಡುಗಳ ಗುಂಪುಗಳನ್ನು ಹಲವು ಬಾರಿ ಹೊಡೆಯಬೇಕು. ಅತಿ ದೂರದ ಎರಡು ತೂತುಗಳನ್ನಷ್ಟೇ ನೋಡುವ ಬದಲು ಎಲ್ಲ ತೂತುಗಳ ಸರಾಸರಿ ಕೇಂದ್ರವನ್ನು ಗುರುತಿಸಿ, ಪ್ರತಿ ತೂತೂ ಆ ಕೇಂದ್ರದಿಂದ ಎಷ್ಟು ದೂರವಿದೆ ಎಂದು ಅಳೆದು, ಆ ದೂರಗಳ ಸರಾಸರಿಯನ್ನು ಬರೆದಿಟ್ಟುಕೊಳ್ಳಬೇಕು. ಈ ಸರಾಸರಿ ತ್ರಿಜ್ಯದ ಅಳತೆಯಲ್ಲಿ ಹೊಡೆದ ಪ್ರತಿ ಗುಂಡೂ ಲೆಕ್ಕಕ್ಕೆ ಬರುತ್ತದೆ. ಹಾಗೆ ಅಳೆದರೂ ಎರಡು ವ್ಯವಸ್ಥೆಗಳ ನಡುವೆ ಶೇಕಡಾ 20ರ ವ್ಯತ್ಯಾಸವಿದೆ ಎಂದು ಭರವಸೆಯಿಂದ ಹೇಳಲು ಒಂದೊಂದಕ್ಕೂ 50ರ ಆಸುಪಾಸಿನಷ್ಟು ಗುಂಡು ಬೇಕಾಗುತ್ತದೆ, ಶೇಕಡಾ 10ರ ವ್ಯತ್ಯಾಸಕ್ಕೆ ಅದರ ನಾಲ್ಕು ಪಟ್ಟು ಬೇಕು. ಇದರಿಂದ ನಾನು ಕಂಡುಕೊಂಡ ಒಂದು ಅನುಕೂಲವೂ ಇದೆ: ಸಣ್ಣಪುಟ್ಟ ಲಾಭದ ಹಿಂದೆ ಓಡುವುದನ್ನು ಬಿಟ್ಟು, ದೊಡ್ಡ ವ್ಯತ್ಯಾಸ ತರಬಲ್ಲ ಕೆಲಸಗಳನ್ನು ಮೊದಲು ಕೈಗೆತ್ತಿಕೊಳ್ಳುವ ಬುದ್ಧಿ ಬರುತ್ತದೆ.

ಅಂಥ ಕೆಲಸಗಳಲ್ಲಿ ಮೊದಲನೆಯದು ಗುಂಡಿನ ಆಯ್ಕೆ. .22 ರೈಫಲ್ಲಿನ ಮಟ್ಟಿಗಂತೂ ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಬೇರೊಂದಿಲ್ಲ. ಈ ತೋಟಾದಲ್ಲಿ ಸಿಡಿಮದ್ದನ್ನು ಬುಡದ ಅಂಚಿನ ಮಡಿಕೆಯೊಳಗೆ ತುಂಬಿರುತ್ತಾರೆ, ಗುಂಡು ಮೆದುವಾದ ಸೀಸದ್ದು, ಅದರ ಮೇಲೆ ಮೇಣದಂಥ ಲೇಪವಿರುತ್ತದೆ. ಇವುಗಳಲ್ಲಿ ಯಾವುದನ್ನೂ ಶೂಟರ್ ತನ್ನ ಕೈಯಾರೆ ತಿದ್ದುವಂತಿಲ್ಲ. ಒಂದೇ ಕಂಪನಿಯ, ಒಂದೇ ಹೆಸರಿನ, ಒಂದೇ ಬೆಲೆಯ ಗುಂಡಿನಲ್ಲೂ ಲಾಟ್‌ನಿಂದ ಲಾಟ್‌ಗೆ (ಒಂದೇ ಬಾರಿಗೆ ತಯಾರಾದ ಒಂದು ಕಂತಿನಿಂದ ಇನ್ನೊಂದಕ್ಕೆ) ವ್ಯತ್ಯಾಸ ಬರುತ್ತದೆ, ಒಂದು ರೈಫಲ್ಲಿಗೆ ಒಗ್ಗಿದ ಲಾಟ್ ಪಕ್ಕದ ರೈಫಲ್ಲಿಗೆ ಒಗ್ಗದೆ ಹೋಗುತ್ತದೆ. ಲಾಪುವಾ ಮತ್ತು ಈಲಿಯಂಥ ತಯಾರಕರು ಶೂಟರ್‌ಗಳ ರೈಫಲ್ಲನ್ನೇ ಕಟ್ಟುನಿಟ್ಟಾಗಿ ಬಿಗಿದು ಹಲವು ಲಾಟ್‌ಗಳನ್ನು ಹೊಡೆದು ನೋಡುವ ಪರೀಕ್ಷಾ ಕೇಂದ್ರಗಳನ್ನು ನಡೆಸುತ್ತಿರುವುದು ಇದೇ ಕಾರಣಕ್ಕೆ. ಅಷ್ಟು ದೂರ ಹೋಗಲಾಗದವರು ಮೂರು ನಾಲ್ಕು ಬಗೆಯ ಗುಂಡುಗಳನ್ನು ಸಣ್ಣ ಪ್ರಮಾಣದಲ್ಲಿ ತಂದು, ಅವುಗಳನ್ನು ತಮ್ಮ ರೈಫಲ್ಲಿನಲ್ಲಿ ಹೋಲಿಸಿ, ಚೆನ್ನಾಗಿ ಹೊಡೆದ ಲಾಟ್‌ನ ಸಂಖ್ಯೆಯನ್ನೇ ಕೇಳಿ ಹೆಚ್ಚಿಗೆ ಕೊಳ್ಳಬಹುದು. ಒಂದು ಎಚ್ಚರಿಕೆ: ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಿದಾಗ ಹಳೆಯ ಲೇಪ ಹೋಗಿ ಹೊಸ ಲೇಪ ನಳಿಗೆಯೊಳಗೆ ಕೂರುವವರೆಗೆ ಒಂದಷ್ಟು ಗುಂಡುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊಡೆಯಬೇಕು.

ಗುಂಡಿನ ವೇಗದ ಏರಿಳಿತ ಏಕೆ ಮುಖ್ಯ ಎಂಬುದಕ್ಕೂ ಒಂದು ಲೆಕ್ಕ ಕೊಡುತ್ತೇನೆ. ಸೆಕೆಂಡಿಗೆ 325 ಮೀಟರ್ ವೇಗದಲ್ಲಿ ಹೊರಟ .22 ಗುಂಡು 50 ಮೀಟರ್ ತಲುಪಲು ಸುಮಾರು 0.16 ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಅದು ನಳಿಗೆಯ ರೇಖೆಯಿಂದ ಹನ್ನೆರಡೂವರೆ ಸೆಂಟಿಮೀಟರಿನಷ್ಟು ಕೆಳಗೆ ಬಿದ್ದಿರುತ್ತದೆ. ವೇಗ ಸೆಕೆಂಡಿಗೆ 5 ಮೀಟರ್ ಕಡಿಮೆಯಾದರೆ ಆ ಬೀಳು ಸುಮಾರು 4 ಮಿಲಿಮೀಟರ್ ಹೆಚ್ಚುತ್ತದೆ. ಗುಂಪು ಪಕ್ಕಕ್ಕೆ ಕಿರಿದಾಗಿದ್ದು ಮೇಲೆ ಕೆಳಗೆ ಉದ್ದವಾಗಿ ಕಾಣಿಸಿದರೆ ಮೊದಲು ಅನುಮಾನ ಪಡಬೇಕಾದದ್ದು ವೇಗದ ಮೇಲೆ; ವೇಗಮಾಪಕ ಇದ್ದರೆ ಆ ಅನುಮಾನವನ್ನು ಹತ್ತು ನಿಮಿಷದಲ್ಲಿ ಪರಿಹರಿಸಿಕೊಳ್ಳಬಹುದು.

ಇನ್ನು ರೈಫಲ್ಲಿಗೇ ಬರೋಣ. ಯಾವ ಕೆಲಸಕ್ಕೂ ಕೈ ಹಾಕುವ ಮೊದಲು ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ತೆಗೆದು ಚೇಂಬರ್ (ತೋಟಾ ಕೂರುವ ಜಾಗ) ಖಾಲಿ ಇದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು, ಗುಂಡುಗಳು ಆ ಕೋಣೆಯಲ್ಲೇ ಇರಬಾರದು. ನಂತರ ನೋಡಬೇಕಾದದ್ದು ಕೂಡುಗಳನ್ನು. ರೈಫಲ್ ಎಂದರೆ ನಳಿಗೆ, ಆ್ಯಕ್ಷನ್ (ಗುಂಡು ತುಂಬಿ ಹಾರಿಸುವ ಯಂತ್ರಭಾಗ), ಸ್ಟಾಕ್, ಸೈಟು ಎಂಬ ನಾಲ್ಕು ಭಾಗಗಳನ್ನು ಸ್ಕ್ರೂಗಳಿಂದ ಬಿಗಿದ ಒಂದು ಜೋಡಣೆ. ಬಿಡಿ ಭಾಗಗಳು ಎಷ್ಟೇ ಉತ್ತಮವಾಗಿದ್ದರೂ ಅವು ಸೇರುವ ಜಾಗದಲ್ಲಿ ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಸರಿದರೆ ಗುಂಪು ಹಿಗ್ಗುತ್ತದೆ. ಆ್ಯಕ್ಷನ್ನನ್ನು ಸ್ಟಾಕಿಗೆ ಹಿಡಿದಿಡುವ ಸ್ಕ್ರೂಗಳನ್ನು ಕೈಯಂದಾಜಿನಲ್ಲಿ ಬಿಗಿಯದೆ ಟಾರ್ಕ್ (ತಿರುಗಿಸುವ ಬಲ) ಅಳೆಯುವ ಸ್ಕ್ರೂಡ್ರೈವರಿನಿಂದ ಬಿಗಿಯಬೇಕು. ಅಲ್ಯುಮಿನಿಯಂ ಆಸರೆಯಿರುವ ಅನೇಕ ಸೆಂಟರ್‌ಫೈರ್ (ಸಿಡಿಮದ್ದು ತೋಟಾದ ಬುಡದ ನಡುವೆ ಇರುವ) ರೈಫಲ್ಲುಗಳಿಗೆ 65 ಇಂಚು-ಪೌಂಡ್, ಅಂದರೆ ಸುಮಾರು 7.3 ನ್ಯೂಟನ್-ಮೀಟರ್ ಬಳಕೆಯಲ್ಲಿದೆ; ಮರದ ಸ್ಟಾಕಿಗೂ .22 ರೈಫಲ್ಲಿಗೂ ಇದಕ್ಕಿಂತ ಕಡಿಮೆ ಸಾಕು, ಮತ್ತು ತಯಾರಕರು ಹೇಳಿದ ಅಂಕಿಯೇ ಅಂತಿಮ. ಬಿಗಿತ ಎಷ್ಟೆಂಬುದಕ್ಕಿಂತಲೂ ಅದು ಪ್ರತಿ ಬಾರಿಯೂ ಒಂದೇ ಆಗಿರುವುದು ಮುಖ್ಯ. ಮರವು ಹವೆಯ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮರದ ಸ್ಟಾಕ್ ಇರುವವರು ಋತು ಬದಲಾದಾಗಲೆಲ್ಲ ಈ ಸ್ಕ್ರೂಗಳನ್ನು ಮರುಪರೀಕ್ಷಿಸಬೇಕು.

ಆ್ಯಕ್ಷನ್ ಸ್ಟಾಕಿನೊಳಗೆ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ರೈಫಲ್ಲನ್ನು ಬಟ್ (ಭುಜಕ್ಕೆ ತಾಗುವ ಹಿಂತುದಿ) ಮೇಲೆ ನೆಟ್ಟಗೆ ನಿಲ್ಲಿಸಿ, ಸ್ಟಾಕಿನ ಮುಂತುದಿ ಮತ್ತು ನಳಿಗೆ ಎರಡನ್ನೂ ಸೋಕುವಂತೆ ಒಂದು ಬೆರಳಿಟ್ಟು, ಇನ್ನೊಂದು ಕೈಯಿಂದ ಮುಂದಿನ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸಿ ಮತ್ತೆ ಬಿಗಿಯಿರಿ. ಕೂಡು ಸರಿಯಿದ್ದರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಸರಿಯಿಲ್ಲದಿದ್ದರೆ ಸ್ಕ್ರೂ ಸಡಿಲವಾಗುತ್ತಿದ್ದಂತೆ ನಳಿಗೆ ಸ್ಟಾಕಿನಿಂದ ದೂರ ಸರಿಯುವುದು, ಬಿಗಿಯುತ್ತಿದ್ದಂತೆ ಮತ್ತೆ ಹತ್ತಿರ ಬರುವುದು ಬೆರಳತುದಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಡಯಲ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು, ಮುಳ್ಳು 0.05 ಮಿಲಿಮೀಟರಿಗಿಂತ ಹೆಚ್ಚು ಸರಿದರೆ ಸ್ಕ್ರೂ ಬಿಗಿದಾಗಲೆಲ್ಲ ಆ್ಯಕ್ಷನ್ ಬಾಗುತ್ತಿದೆ ಎಂದರ್ಥ. ಹಾಗೆ ಬಾಗಿದ ಆ್ಯಕ್ಷನ್ ಪ್ರತಿ ಹೊಡೆತದ ಅದುರಿಗೂ ಒಂದಿಷ್ಟು ಬೇರೆಯಾಗಿ ನೆಲೆಗೊಳ್ಳುತ್ತದೆ. ಇದಕ್ಕೆ ಬೆಡ್ಡಿಂಗ್ ಮಾಡಿಸಬೇಕು: ಸ್ಟಾಕಿನ ಒಳಮೈಯನ್ನು ಸ್ವಲ್ಪ ಕೆತ್ತಿ, ಗಟ್ಟಿಯಾಗಿ ಕೂರುವ ಎಪಾಕ್ಸಿ ತುಂಬಿ, ಅಂಟದಂತೆ ಲೇಪ ಹಚ್ಚಿದ ಆ್ಯಕ್ಷನ್ನನ್ನು ಯಾವ ಒತ್ತಡವೂ ಇಲ್ಲದೆ ಅದರಲ್ಲಿ ಕೂರಿಸಿ, ಎಪಾಕ್ಸಿ ಒಣಗಿದ ಮೇಲೆ ಆ್ಯಕ್ಷನ್ನಿನ ಆಕಾರಕ್ಕೆ ತಕ್ಕ ಅಚ್ಚನ್ನು ಪಡೆಯುವುದು. ಸ್ಕ್ರೂ ಹಾದುಹೋಗುವ ತೂತುಗಳಲ್ಲಿ ಲೋಹದ ಕೊಳವೆ ಕೂರಿಸಿದರೆ ಮರ ನಲುಗುವುದೂ ನಿಲ್ಲುತ್ತದೆ. ಅನುಭವಿ ಗನ್‌ಸ್ಮಿತ್ ಒಬ್ಬರಿಂದ ಇದನ್ನು ಮಾಡಿಸುವುದೇ ಕ್ಷೇಮ. ಲೇಪ ಸರಿಯಾಗಿ ಹಚ್ಚದಿದ್ದರೆ ಆ್ಯಕ್ಷನ್ ಸ್ಟಾಕಿಗೇ ಶಾಶ್ವತವಾಗಿ ಅಂಟಿಕೊಳ್ಳುವ ಭಯವಿದೆ.

ನಳಿಗೆ ಸ್ಟಾಕಿಗೆ ತಾಗದೆ ತೇಲುವಂತಿರಬೇಕಾದ ರೈಫಲ್ಲುಗಳಲ್ಲಿ ಒಂದು ಕಾಗದದ ಪಟ್ಟಿಯನ್ನು ಇಬ್ಬದಿಯಿಂದ ಹಿಡಿದು ನಳಿಗೆಯ ಕೆಳಗಿನಿಂದ ಆ್ಯಕ್ಷನ್‌ವರೆಗೆ ಎಳೆದು ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮರ ನಳಿಗೆಯನ್ನು ಒತ್ತುತ್ತಿದೆ. ಸ್ಟಾಕನ್ನು ಮರಳುಚೀಲದ ಮೇಲಿಟ್ಟಾಗ ಮತ್ತು ರೈಫಲ್ಲಿನ ಬೆಲ್ಟನ್ನು ತೋಳಿಗೆ ಬಿಗಿದಾಗಲೂ ಅದೇ ಪರೀಕ್ಷೆ ಮಾಡಬೇಕು. ಖಾಲಿ ಇರುವಾಗ ಸಲೀಸಾಗಿ ಸರಿದ ಕಾಗದ, ಮೆದುವಾದ ಪ್ಲಾಸ್ಟಿಕ್ ಸ್ಟಾಕುಗಳಲ್ಲಿ ಭಾರ ಬಿದ್ದ ಕೂಡಲೇ ಸಿಕ್ಕಿಕೊಳ್ಳುವುದುಂಟು.

ನಳಿಗೆಯ ಬಾಯಿಯ ಅಂಚು ಗುಂಡು ರೈಫಲ್ಲನ್ನು ಬಿಡುವ ಮೊದಲು ಸೋಕುವ ಕೊನೆಯ ಜಾಗ. ಅಲ್ಲಿ ಒಂದು ಕಡೆ ಮಾತ್ರ ಸಣ್ಣ ಗಾಯವಿದ್ದರೂ ಗುಂಡಿನ ಹಿಂದಿನ ಅನಿಲ ಆ ಕಡೆಯಿಂದ ಕ್ಷಣಕಾಲ ಮೊದಲು ನುಗ್ಗಿ ಗುಂಡಿನ ಬುಡವನ್ನು ಓರೆಯಾಗಿ ತಳ್ಳುತ್ತದೆ. ಬೋಲ್ಟ್ ತೆಗೆದ ರೈಫಲ್ಲಿನಲ್ಲಿ ಹತ್ತಿ ಸುತ್ತಿದ ಕಡ್ಡಿಯೊಂದನ್ನು ಬಾಯಿಯೊಳಗೆ ಅರ್ಧ ಸೆಂಟಿಮೀಟರ್ ಇಳಿಸಿ, ಅಂಚಿಗೆ ಒತ್ತಿ ಸುತ್ತಲೂ ಹೊರಕ್ಕೆ ಎಳೆಯುತ್ತಾ ಬನ್ನಿ. ನುಣುಪಾದ ಅಂಚಿನಲ್ಲಿ ಹತ್ತಿ ಜಾರುತ್ತದೆ, ಚೂರು ಎದ್ದಿರುವ ಕಡೆ ಒಂದೆರಡು ಎಳೆ ಬಿಟ್ಟು ಬರುತ್ತದೆ. ಭೂತಗನ್ನಡಿಯಲ್ಲಿ ಆ ಎಳೆಯ ಬುಡವನ್ನು ನೋಡಿದರೆ ಲೋಹದ ಮುಳ್ಳು ಕಾಣಿಸುತ್ತದೆ. ಇದನ್ನು ಮನೆಯಲ್ಲಿ ಉಜ್ಜಿ ಸರಿಪಡಿಸುವ ಕೆಲಸಕ್ಕೆ ಹೋಗಬೇಡಿ. ಲೇತ್‌ನಲ್ಲಿ ನಳಿಗೆಯ ಅಕ್ಷಕ್ಕೆ ಸರಿಯಾಗಿ ಹಿಡಿದು ಅಂಚನ್ನು ಹೊಸದಾಗಿ ಕತ್ತರಿಸುವುದೇ ಸರಿಯಾದ ದಾರಿ.

ಈ ಗಾಯಗಳಾಗುವುದು ಹೆಚ್ಚಾಗಿ ತಪ್ಪಾಗಿ ಶುಚಿ ಮಾಡುವುದರಿಂದ. ಶುಚಿಗೊಳಿಸುವ ಸಲಾಕೆ ಒಂದೇ ತುಂಡಿನದಾಗಿರಬೇಕು, ಸಾಧ್ಯವಿದ್ದಲ್ಲೆಲ್ಲ ಚೇಂಬರ್ ಕಡೆಯಿಂದ, ಬೋರ್ ಗೈಡ್ (ಸಲಾಕೆ ನಳಿಗೆಯ ನಡುವೆಯೇ ಸಾಗುವಂತೆ ಹಿಡಿಯುವ ಕೊಳವೆ) ಇಟ್ಟು ತೂರಿಸಬೇಕು. .22 ರೈಫಲ್ಲಿನಲ್ಲಿ ನಳಿಗೆಯ ಉದ್ದಕ್ಕೂ ಇರುವ ಮಸಿಗಿಂತ ಚೇಂಬರ್ ಮುಗಿಯುವಲ್ಲಿ ಉಂಗುರದಂತೆ ಕಟ್ಟುವ ಗಟ್ಟಿ ಇಂಗಾಲವೇ ತೊಂದರೆಯ ಮೂಲ. ಮೊದಲು ಚೆನ್ನಾಗಿ ಹೊಡೆಯುತ್ತಿದ್ದ ರೈಫಲ್ ಕಾಲಕ್ರಮೇಣ ಕಾರಣವಿಲ್ಲದೆ ಕೆಟ್ಟಿತೆಂದು ಕಂಡರೆ ಅಲ್ಲಿ ನೋಡಬೇಕು. ಪ್ರತಿ ಬಾರಿ ಹೊಡೆದ ಮೇಲೂ ಲೋಹ ಹೊಳೆಯುವವರೆಗೆ ತಿಕ್ಕುವ ಅಗತ್ಯ ನನಗೆ ಕಂಡಿಲ್ಲ.

ಸೈಟುಗಳ ವಿಷಯದಲ್ಲಿ ಮೊದಲು ಸ್ಕ್ರೂ, ನಂತರ ಗಾಜು. ಸ್ಕೋಪಿನ ತಳಪಟ್ಟಿ ಮತ್ತು ಉಂಗುರಗಳು ಸಡಿಲವಾಗಿದ್ದರೆ ಎಷ್ಟು ಬೆಲೆಬಾಳುವ ಸ್ಕೋಪಾದರೂ ವ್ಯರ್ಥ. ಸ್ಕೋಪಿನಲ್ಲಿ ಬಹಳ ಮಂದಿ ಗಮನಿಸದ ಇನ್ನೊಂದು ತೊಡಕು ಪ್ಯಾರಲಾಕ್ಸ್. ರೈಫಲ್ಲನ್ನು ಮರಳುಚೀಲದ ಮೇಲೆ ಅಲುಗದಂತೆ ಇಟ್ಟು, ಅದನ್ನು ಮುಟ್ಟದೆ ತಲೆಯನ್ನು ಮಾತ್ರ ಎಡಕ್ಕೆ ಬಲಕ್ಕೆ ಸರಿಸಿದಾಗ ಅಡ್ಡಗೆರೆಗಳು ಗುರಿಯ ಮೇಲೆ ಓಡಾಡಿದರೆ ಪ್ಯಾರಲಾಕ್ಸ್ ಇದೆ ಎಂದು ತಿಳಿಯಬೇಕು. 100 ಮೀಟರಿಗೆ ಸ್ಥಿರಪಡಿಸಿದ, 40 ಮಿಲಿಮೀಟರ್ ಮುಂಗಾಜಿನ ಸ್ಕೋಪನ್ನು 50 ಮೀಟರಿನಲ್ಲಿ ಬಳಸಿದರೆ ಕಣ್ಣು ಪೂರ್ತಿ ಅಂಚಿಗೆ ಸರಿದಾಗ ತಪ್ಪು 10 ಮಿಲಿಮೀಟರಿನವರೆಗೂ ಹೋಗಬಹುದು. 8 ಮಿಲಿಮೀಟರ್ ಅವಕಾಶವಿರುವ ಗುರಿಗೆ ಇದು ತೀರಾ ಹೆಚ್ಚು. ಹೊಂದಿಸುವ ತಿರುಗಣೆ ಇದ್ದರೆ ಅದರ ಮೇಲೆ ಬರೆದ ದೂರವನ್ನು ನಂಬದೆ, ತಲೆ ಅಲುಗಿಸಿದಾಗ ಗೆರೆಗಳು ನಿಶ್ಚಲವಾಗುವ ಜಾಗವನ್ನೇ ಹುಡುಕಿ ನಿಲ್ಲಿಸಿ.

ಪೀಪ್ ಸೈಟ್ (ಹಿಂದಿನ ಸಣ್ಣ ರಂಧ್ರದ ಮೂಲಕ ನೋಡಿ ಗುರಿ ಹಿಡಿಯುವ ಸೈಟು) ಬಳಸುವವರು ಮುಂದಿನ ಉಂಗುರವನ್ನು ತೀರಾ ಚಿಕ್ಕದಾಗಿ ಆರಿಸುತ್ತಾರೆ. ಬಿಳಿ ಅಂತರ ಕಿರಿದಾದಷ್ಟೂ ನಿಖರವೆಂಬ ಭಾವನೆ ಇದಕ್ಕೆ ಕಾರಣ. ಆದರೆ ಕಪ್ಪು ವೃತ್ತದ ಸುತ್ತ ಸಾಕಷ್ಟು ಬಿಳುಪು ಇಲ್ಲದಿದ್ದರೆ ಕಣ್ಣು ಒಂದು ಕಡೆ ಬಿಳುಪು ಮುಚ್ಚಿದ್ದನ್ನು ಗುರುತಿಸಲು ತಡವರಿಸುತ್ತದೆ, ಶೂಟರ್ ಹೊಡೆತವನ್ನು ತಡಮಾಡುತ್ತಾ ಹೋಗುತ್ತಾನೆ. ಸ್ವಲ್ಪ ದೊಡ್ಡ ಉಂಗುರವೇ ನನ್ನ ಆಯ್ಕೆ. ರೈಫಲ್ ಓರೆಯಾಗುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 50 ಮೀಟರಿನಲ್ಲಿ .22 ರೈಫಲ್ 2 ಡಿಗ್ರಿ ಬಲಕ್ಕೆ ವಾಲಿದರೆ ಗುಂಡು ಸುಮಾರು 4 ಮಿಲಿಮೀಟರ್ ಬಲಕ್ಕೆ ಬೀಳುತ್ತದೆ. ಯಾವಾಗಲೂ ಒಂದೇ ಕೋನದಲ್ಲಿ ವಾಲಿಸಿ ಹಿಡಿಯುವವರಿಗೆ ಇದರಿಂದ ತೊಂದರೆಯಿಲ್ಲ, ಸೈಟು ಅದಕ್ಕೆ ಹೊಂದಿಕೊಂಡಿರುತ್ತದೆ. ವಾಲು ಹೊಡೆತದಿಂದ ಹೊಡೆತಕ್ಕೆ ಬದಲಾಗುವವರು ಮುಂದಿನ ಸೈಟಿನಲ್ಲಿ ನೀರುಮಟ್ಟದ ಗುಳ್ಳೆ ಹಾಕಿಸಿಕೊಂಡು ಅಭ್ಯಾಸ ಮಾಡುವುದು ಒಳ್ಳೆಯದು.

ಟ್ರಿಗರ್ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಹಗುರವಾದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ಬೇಕಾಗಿರುವುದು ಪ್ರತಿ ಬಾರಿಯೂ ಒಂದೇ ಜಾಗದಲ್ಲಿ, ಒಂದೇ ಭಾರಕ್ಕೆ ಬಿಡುವ ಟ್ರಿಗರ್. ಎರಡು ಹಂತದ ಟ್ರಿಗರಿನಲ್ಲಿ ಮೊದಲ ಹಂತದ ಕೊನೆಗೆ ಬೆರಳಿಗೆ ಒಂದು ಗೋಡೆ ಸ್ಪಷ್ಟವಾಗಿ ಸಿಗಬೇಕು, ಎರಡನೆಯ ಹಂತದಲ್ಲಿ ಎಳೆದಾಟವಿಲ್ಲದೆ ಬಿಡಬೇಕು. ಒಟ್ಟು ಭಾರದಲ್ಲಿ ಹೆಚ್ಚಿನ ಪಾಲನ್ನು ಮೊದಲ ಹಂತಕ್ಕೆ ಕೊಟ್ಟರೆ ಬೆರಳಿಗೆ ಹಿಡಿತವೂ ಸಿಗುತ್ತದೆ, ಬಿಡುಗಡೆಯೂ ಹಗುರವಾಗುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 50 ಮೀಟರ್ ಮೂರು ಭಂಗಿಗಳ ಫೈನಲ್ಲಿನಲ್ಲಿ ಅಮೆರಿಕದ ಮ್ಯಾಥ್ಯೂ ಎಮನ್ಸ್ ಕೊನೆಯ ಹೊಡೆತದವರೆಗೂ ಮುಂದಿದ್ದರು. ರೈಫಲ್ಲನ್ನು ಮೇಲಿನಿಂದ ಗುರಿಯತ್ತ ಇಳಿಸುತ್ತಿರುವಾಗಲೇ ಬೆರಳು ಟ್ರಿಗರಿಗೆ ತಾಗಿ ಗುಂಡು ಹಾರಿತು, ಅಂಕ 4.4. ಚಿನ್ನ ಚೀನಾದ ಚ್ಯೂ ಜಿಯಾನ್ ಅವರ ಪಾಲಾಯಿತು, ಎಮನ್ಸ್ ನಾಲ್ಕನೆಯ ಸ್ಥಾನಕ್ಕೆ ಜಾರಿದರು. ಜಗತ್ತಿನ ಅತ್ಯುತ್ತಮ ಶೂಟರ್‌ಗಳಲ್ಲೊಬ್ಬರ ಬೆರಳಿಗೂ ಹೀಗಾಗಬಹುದಾದರೆ, ಒತ್ತಡದಲ್ಲಿ ತಣ್ಣಗಾದ ಬೆರಳುಗಳಿಗೆ ಎಷ್ಟು ಭಾರ ಗೊತ್ತಾಗುತ್ತದೆ ಎಂಬುದನ್ನು ನೋಡಿಯೇ ಪ್ರತಿಯೊಬ್ಬರೂ ತಮ್ಮ ಟ್ರಿಗರನ್ನು ಹೊಂದಿಸಿಕೊಳ್ಳಬೇಕು. ತಯಾರಕರು ಹೊಂದಾಣಿಕೆಗೆಂದೇ ಕೊಟ್ಟ ಸ್ಕ್ರೂಗಳನ್ನು ಮೀರಿ ಒಳಗಿನ ಕೊಂಡಿಗಳನ್ನು ಉಜ್ಜುವ ಕೆಲಸವನ್ನು ಯಾರೂ ಸ್ವತಃ ಮಾಡಬಾರದು. ಹೊಂದಿಸಿದ ಮೇಲೆ ಖಾಲಿ ರೈಫಲ್ಲಿನ ಬೋಲ್ಟನ್ನು ಜೋರಾಗಿ ಮುಚ್ಚಿ, ಬಟ್ಟನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿ ನೋಡಬೇಕು. ಒಮ್ಮೆಯಾದರೂ ತಾನಾಗಿ ಬಿಟ್ಟರೆ ಆ ರೈಫಲ್ಲಿಗೆ ಗುಂಡು ತುಂಬುವಂತಿಲ್ಲ.

ಸ್ಟಾಕಿನ ಅಳತೆಯೂ ಹದಗೊಳಿಸುವುದರ ಭಾಗವೇ. ಕಣ್ಣು ಮುಚ್ಚಿ ರೈಫಲ್ಲನ್ನು ಭುಜಕ್ಕೇರಿಸಿ, ಕೆನ್ನೆಯನ್ನು ಸಹಜವಾಗಿ ಒರಗಿಸಿ ಕಣ್ಣು ತೆರೆದಾಗ ಸೈಟಿನ ನಡುವೆ ಗುರಿ ಕಾಣಬೇಕು. ಕತ್ತನ್ನು ಚಾಚಬೇಕಾದರೆ ಬಟ್ ಉದ್ದವಾಗಿದೆ. ಕೆನ್ನೆಯನ್ನು ಎತ್ತಿ ಹಿಡಿಯಬೇಕಾದರೆ ಕೆನ್ನೆಹಲಗೆ ತಗ್ಗಾಗಿದೆ. ಸ್ನಾಯುವಿನ ಬಲದಿಂದ ಸರಿಹೊಂದಿಸಿಕೊಂಡ ತಲೆ ಹತ್ತನೆಯ ಗುಂಡಿನ ಹೊತ್ತಿಗೆ ದಣಿದು ಜಾಗ ಬದಲಿಸುತ್ತದೆ. ಮರಳುಚೀಲದ ಮೇಲೆ ಸಣ್ಣ ಗುಂಪು ಕೊಡುವ ರೈಫಲ್ ಭುಜದ ಮೇಲೆ ಚದುರಿಸುತ್ತಿದ್ದರೆ ನೋಡಬೇಕಾದದ್ದು ಇಲ್ಲಿ.

ಏರ್ ರೈಫಲ್ಲಿನವರಿಗೆ ಇಷ್ಟು ಸೇರಿಸುತ್ತೇನೆ. ಪೆಲೆಟ್ಟಿನ ತಲೆಯ ಅಳತೆ 4.48 ರಿಂದ 4.52 ಮಿಲಿಮೀಟರಿನವರೆಗೆ ಬೇರೆ ಬೇರೆಯಾಗಿ ಸಿಗುತ್ತದೆ, ನಳಿಗೆಗೆ ಯಾವುದು ಒಗ್ಗುತ್ತದೆ ಎಂಬುದನ್ನು ಹೊಡೆದೇ ತಿಳಿಯಬೇಕು. ಒತ್ತಿದ ಗಾಳಿಯ ಸಿಲಿಂಡರಿನ ರೈಫಲ್ಲುಗಳಲ್ಲಿ ಒತ್ತಡ ನಿಯಂತ್ರಕ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದು ವೇಗದ ಏರಿಳಿತದಲ್ಲೇ ಕಾಣುತ್ತದೆ. ಸ್ಪ್ರಿಂಗ್ ರೈಫಲ್ಲಿನಲ್ಲಿ ಪಿಸ್ಟನ್ನಿನ ಹೊಡೆತಕ್ಕೆ ಸ್ಟಾಕಿನ ಸ್ಕ್ರೂಗಳು ಬೇಗ ಸಡಿಲವಾಗುತ್ತವೆ. ಗುರಿಯತ್ತ ಹಿಡಿದು ಹೊಡೆಯುವಾಗ ನಳಿಗೆಯ ಕೂಡಿನ ಮೇಲಿಟ್ಟ ತೆಳುವಾದ ಟಿಶ್ಯೂ ಚೂರು ಹಾರಿಹೋದರೆ ಅಲ್ಲಿನ ಸೀಲ್ ಸೋರುತ್ತಿದೆ. ಅಂಥ ರೈಫಲ್ಲನ್ನು ಬಿಗಿಯಾಗಿ ಹಿಡಿಯದೆ, ಅದುರಲು ಬಿಟ್ಟು, ಪ್ರತಿ ಬಾರಿಯೂ ಸ್ಟಾಕಿನ ಒಂದೇ ಜಾಗದಲ್ಲಿ ಅಂಗೈ ಇಟ್ಟು ಹೊಡೆಯಬೇಕು.

ನಳಿಗೆಯ ತುದಿಗೆ ಹಾಕುವ ಟ್ಯೂನರ್ ಎಂಬ ಹೊಂದಿಸಬಲ್ಲ ಭಾರವನ್ನು ಉದ್ದೇಶಪೂರ್ವಕವಾಗಿ ಕೊನೆಗೆ ಇಟ್ಟಿದ್ದೇನೆ. ಗುಂಡು ನಳಿಗೆಯೊಳಗೆ ಸಾಗುವ ಕೆಲವೇ ಮಿಲಿಸೆಕೆಂಡುಗಳಲ್ಲಿ ನಳಿಗೆಯೂ ಕಂಪಿಸುತ್ತಿರುತ್ತದೆ. ನಿಧಾನದ ಗುಂಡು ಸ್ವಲ್ಪ ತಡವಾಗಿ ಹೊರಬೀಳುವಾಗ ನಳಿಗೆಯ ಬಾಯಿ ಮೇಲೇರುತ್ತಿದ್ದರೆ, ಆ ಗುಂಡಿಗೆ ಸಿಗುವ ಹೆಚ್ಚಿನ ಏರು ಅದರ ಹೆಚ್ಚಿನ ಬೀಳನ್ನು ಸರಿದೂಗಿಸುತ್ತದೆ. ಟ್ಯೂನರಿನ ಭಾರವನ್ನು ಹಿಂದೆ ಮುಂದೆ ಸರಿಸಿ ಆ ಹೊಂದಾಣಿಕೆಯನ್ನು ಹುಡುಕುತ್ತಾರೆ. ತತ್ತ್ವ ಸರಿಯಾಗಿದೆ, ಅದರಿಂದ ಲಾಭ ಪಡೆಯುವ ಬೆಂಚ್ ಶೂಟರ್‌ಗಳೂ (ಮೇಜಿನ ಆಸರೆಯಲ್ಲಿ ಹೊಡೆಯುವವರು) ಇದ್ದಾರೆ. ಆದರೆ ಆ ಲಾಭ ಮೇಲೆ ಹೇಳಿದ ಸಂಖ್ಯಾಶಾಸ್ತ್ರದ ಮಂಜಿನೊಳಗೇ ಇರುವಷ್ಟು ಸಣ್ಣದು. ಟ್ಯೂನರಿನ ಮೇಲಿನ ಒಂದೊಂದು ಗುರುತಿಗೆ ಮೂರು ಮೂರು ಗುಂಡು ಹೊಡೆದು ಅತಿ ಚಿಕ್ಕ ಗುಂಪಿನ ಗುರುತನ್ನು ಆರಿಸಿದರೆ ನಾವು ಆರಿಸಿದ್ದು ಬಹುಶಃ ಅದೃಷ್ಟವನ್ನು. ಗುಂಡಿನ ಲಾಟ್ ಗೊತ್ತಾಗಿ, ಬೆಡ್ಡಿಂಗ್ ಸರಿಯಾಗಿ, ಸೈಟು ನಿಶ್ಚಲವಾಗಿ, ಗುಂಪುಗಳ ಸರಾಸರಿ ವಾರದಿಂದ ವಾರಕ್ಕೆ ಬದಲಾಗದೆ ನಿಂತ ಮೇಲೆ ಟ್ಯೂನರ್ ಹಾಕಿ, ಉದ್ದಗಲಗಳಲ್ಲಿ ಉದ್ದದ ಅಳತೆಯನ್ನೇ ಬೇರೆಯಾಗಿ ದಾಖಲಿಸಿ, ಉತ್ತಮವೆಂದು ಕಂಡ ಗುರುತನ್ನು ಬೇರೊಂದು ದಿನ ಹೊಸ ಗುಂಪುಗಳಿಂದ ಮತ್ತೆ ಪರೀಕ್ಷಿಸಿ. ಅದು ಎರಡನೆಯ ಬಾರಿಯೂ ನಿಂತರೆ ಅಲ್ಲಿಗೆ ಬಿಗಿದು, ಗುರುತಿನ ಸಂಖ್ಯೆಯನ್ನು ಗುಂಡಿನ ಲಾಟ್ ಸಂಖ್ಯೆಯ ಪಕ್ಕದಲ್ಲೇ ಬರೆದಿಡಿ. ಆ ಲಾಟ್ ಮುಗಿದು ಹೊಸದು ಬಂದಾಗ ಟ್ಯೂನರನ್ನು ಮತ್ತೊಮ್ಮೆ ಹೊಂದಿಸಬೇಕಾಗುತ್ತದೆ.